ಬಂಕ್‌ನಲ್ಲಿ ಏನನ್ನು ನೋಡಬೇಕು, ಏನನ್ನು ಬಿಡಬೇಕು: ಓದುಗರ ಪ್ರಶ್ನೆಗಳಿಗೆ ಉತ್ತರ

ವಾಹನಗಳಿಗೆ ಇಂಧನ ತುಂಬಿಸುವಾಗ ನಾವು ಪಾಲಿಸುವ ರೂಢಿಗಳ ಬಗ್ಗೆ ಈ ತಿಂಗಳು ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಅನುಮಾನದ ಸುತ್ತ ಸುತ್ತುತ್ತವೆ: ಪೆಟ್ರೋಲ್ ಬಂಕ್‌ನಲ್ಲಿ ನಮಗೆ ಮೋಸವಾಗುತ್ತಿದೆಯೇ? ಈ ಅನುಮಾನಕ್ಕೆ ಕಾರಣವಿಲ್ಲವೆಂದು ನಾನು ಹೇಳಲಾರೆ. ಆದರೆ ಮೋಸದಿಂದ ತಪ್ಪಿಸಿಕೊಳ್ಳಲು ನಮ್ಮವರು ರೂಢಿಸಿಕೊಂಡಿರುವ ಉಪಾಯಗಳಲ್ಲಿ ಹಲವು ನಿಷ್ಪ್ರಯೋಜಕ. ಕಾನೂನು ನಮ್ಮ ಕೈಗೆ ಕೊಟ್ಟಿರುವ ಉಪಾಯಗಳನ್ನು ಬಳಸುವವರು ಮಾತ್ರ ತೀರ ವಿರಳ. ಇದರ ನಡುವೆ, ಗಾಡಿಗೆ ನಿಜಕ್ಕೂ ಹಾನಿ ಮಾಡುವ ಕೆಲವು ಅಭ್ಯಾಸಗಳು ಯಾರ ಗಮನಕ್ಕೂ ಬಾರದೆ ಮುಂದುವರಿಯುತ್ತಿವೆ.

ಪ್ರಶ್ನೆ: ಮಾನ್ಯರೇ, ನಾನು ಯಾವಾಗಲೂ 500 ರೂಪಾಯಿಯ ಬದಲು 510 ರೂಪಾಯಿಯ ಪೆಟ್ರೋಲ್ ಹಾಕಿಸುತ್ತೇನೆ. 100, 200, 500ರಂತಹ ಮೊತ್ತಗಳಿಗೆ ಯಂತ್ರದಲ್ಲಿ ಮೊದಲೇ ಕಡಿಮೆ ಅಳತೆ ಹೊಂದಿಸಿಟ್ಟಿರುತ್ತಾರೆಂದು ಗೆಳೆಯರೆಲ್ಲ ಹೇಳುತ್ತಾರೆ. ಇದು ನಿಜವೇ? — ಓದುಗರು, ದಾವಣಗೆರೆ

ಉತ್ತರ: 510 ಎಂದು ಹೇಳುವುದರಿಂದ ನಿಮಗೆ ನಷ್ಟವಿಲ್ಲ, ರಕ್ಷಣೆಯೂ ಇಲ್ಲ. ಇಂಧನ ತುಂಬುವ ಯಂತ್ರದೊಳಗಿನ ಮಾಪಕ ಅಳೆಯುವುದು ದ್ರವವನ್ನೇ ಹೊರತು ರೂಪಾಯಿಯನ್ನಲ್ಲ. ಪೆಟ್ರೋಲ್ ಹರಿದಂತೆ ಮಾಪಕದ ಒಳಭಾಗಗಳು ಚಲಿಸುತ್ತವೆ, ಆ ಚಲನೆ ವಿದ್ಯುತ್ ಸಂಕೇತಗಳಾಗಿ ಎಲೆಕ್ಟ್ರಾನಿಕ್ ಫಲಕವನ್ನು ಮುಟ್ಟುತ್ತದೆ, ಅಲ್ಲಿ ಲೀಟರಿನ ಲೆಕ್ಕವನ್ನು ಆ ದಿನದ ದರದಿಂದ ಗುಣಿಸಿ ಪರದೆಯ ಮೇಲೆ ಮೊತ್ತವನ್ನು ತೋರಿಸಲಾಗುತ್ತದೆ. ಮಾಪಕವೇ ಕಡಿಮೆ ಅಳೆಯುತ್ತಿದ್ದರೆ ಅದು 500ಕ್ಕೂ ಕಡಿಮೆ ಅಳೆಯುತ್ತದೆ, 510ಕ್ಕೂ ಅದೇ ಪ್ರಮಾಣದಲ್ಲಿ ಕಡಿಮೆ ಅಳೆಯುತ್ತದೆ. 2017ರ ಏಪ್ರಿಲ್‌ನಲ್ಲಿ ಉತ್ತರ ಪ್ರದೇಶ ಪೊಲೀಸರ ವಿಶೇಷ ಕಾರ್ಯಪಡೆಯು ಲಖನೌದ ಕೆಲವು ಬಂಕ್‌ಗಳ ಮೇಲೆ ದಾಳಿ ನಡೆಸಿದಾಗ, ಯಂತ್ರಗಳೊಳಗೆ ಅಳವಡಿಸಿ ರಿಮೋಟ್‌ನಿಂದ ನಿಯಂತ್ರಿಸುತ್ತಿದ್ದ ಚಿಪ್‌ಗಳು ಸಿಕ್ಕಿದ್ದವು. ಅಂತಹ ಚಿಪ್ ಮಾಪಕದ ಲೆಕ್ಕವನ್ನೇ ಕೆಡಿಸುವುದರಿಂದ ಗ್ರಾಹಕರು ಯಾವ ಮೊತ್ತ ಹೇಳಿದರೂ ಅದರ ಹೊಡೆತ ತಪ್ಪುವುದಿಲ್ಲ.

ಮೊತ್ತದ ವಿಷಯದಲ್ಲಿ ಗಮನಿಸಬೇಕಾದದ್ದು ಬೇರೊಂದಿದೆ. 50 ರೂಪಾಯಿಯಂತೆ ತೀರ ಸ್ವಲ್ಪವೇ ಹಾಕಿಸಿಕೊಳ್ಳುವವರಿಗೆ ನಾಝಲ್‌ನಲ್ಲಿ ಉಳಿಯುವ ಕೆಲವು ಹನಿಗಳೂ ಅನುಪಾತದಲ್ಲಿ ದೊಡ್ಡದಾಗುತ್ತವೆ. ಆದ್ದರಿಂದ ಸಾಧ್ಯವಿರುವವರು ಅನೇಕ ಬಾರಿ ಅಷ್ಟಷ್ಟೇ ಹಾಕಿಸುವ ಬದಲು ಒಮ್ಮೆಗೆ ಹೆಚ್ಚು ಹಾಕಿಸುವುದು ಒಳ್ಳೆಯದು.

ನಿಜವಾದ ಮೋಸಗಳಲ್ಲಿ ಬಹುಮಟ್ಟಿಗೆ ಬಳಕೆಯಲ್ಲಿರುವುದು ಯಂತ್ರವನ್ನು ಮುಟ್ಟದೆಯೇ ನಡೆಯುತ್ತದೆ. ನೀವು 500 ರೂಪಾಯಿಗೆ ಹೇಳಿರುತ್ತೀರಿ. ಹಾಕುವವರು 200ಕ್ಕೆ ನಿಲ್ಲಿಸಿ, ತಪ್ಪಾಗಿ ಕೇಳಿಸಿತು, ಇನ್ನು 300ಕ್ಕೆ ಹಾಕುತ್ತೇನೆ ಎನ್ನುತ್ತಾರೆ. ಅಷ್ಟರಲ್ಲಿ ಇನ್ನೊಬ್ಬರು ಕಾರ್ಡ್ ಯಂತ್ರವನ್ನೋ ಕ್ಯೂಆರ್ ಫಲಕವನ್ನೋ ಹಿಡಿದು ನಿಮ್ಮನ್ನು ಮಾತಿಗೆಳೆಯುತ್ತಾರೆ. ಈ ನಡುವೆ ಮೀಟರನ್ನು ಸೊನ್ನೆಗೆ ತಾರದೆ 200ರಿಂದಲೇ ಮುಂದುವರಿಸಿ 300ಕ್ಕೆ ನಿಲ್ಲಿಸಲಾಗುತ್ತದೆ. ನೀವು ಪರದೆಯಲ್ಲಿ 300 ಕಂಡು ಸಮಾಧಾನಪಡುತ್ತೀರಿ, 500 ಪಾವತಿಸುತ್ತೀರಿ, ಟ್ಯಾಂಕಿಗೆ ಬಿದ್ದಿರುವುದು 300 ರೂಪಾಯಿಯದ್ದು ಮಾತ್ರ. ಇದಕ್ಕೆ ಮದ್ದೆಂದರೆ ವಾಹನದಿಂದ ಕೆಳಗಿಳಿದು, ಆರಂಭದಲ್ಲಿ ಸೊನ್ನೆಯನ್ನೂ ದರವನ್ನೂ ನೋಡಿ, ನಾಝಲ್ ಮರಳಿ ಸ್ಥಾನಕ್ಕೆ ಹೋಗುವವರೆಗೆ ಪರದೆಯಿಂದ ಕಣ್ಣು ತೆಗೆಯದಿರುವುದು, ಹಣದ ಮಾತನ್ನು ಆ ಬಳಿಕ ಆಡುವುದು, ಮತ್ತು ತಪ್ಪದೆ ಬಿಲ್ ಪಡೆಯುವುದು. ಬಿಲ್‌ನಲ್ಲಿ ಲೀಟರ್, ದರ, ಸಮಯ ಎಲ್ಲವೂ ಇರುತ್ತವೆ; ನಾಳೆ ದೂರು ಕೊಡಬೇಕಾದರೆ ಅದೇ ಆಧಾರ.

ಅಳತೆಯ ಬಗ್ಗೆಯೇ ಅನುಮಾನವಿದ್ದರೆ 5 ಲೀಟರ್ ಪರೀಕ್ಷೆಯನ್ನು ಕೇಳಿ. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯಿರುವ 5 ಲೀಟರಿನ ಅಳತೆ ಪಾತ್ರೆಯನ್ನು ಪ್ರತಿ ಬಂಕ್ ಇಟ್ಟುಕೊಂಡಿರಬೇಕು, ಗ್ರಾಹಕರು ಕೇಳಿದರೆ ಅವರ ಎದುರಿನಲ್ಲಿಯೇ ಅಳೆದು ತೋರಿಸಬೇಕು. ಪಾತ್ರೆಯನ್ನು ಒಮ್ಮೆ ತುಂಬಿ ಬರಿದು ಮಾಡಿ ಒಳಗೋಡೆ ಒದ್ದೆಯಾದ ಮೇಲೆ, ಸಮತಟ್ಟಾದ ನೆಲದಲ್ಲಿಟ್ಟು ಅಳೆಯುವುದು ಸರಿಯಾದ ಕ್ರಮ. 5 ಲೀಟರಿಗೆ 25 ಮಿಲಿಲೀಟರ್‌ನಷ್ಟು, ಅಂದರೆ ಶೇ 0.5ರಷ್ಟು, ಹೆಚ್ಚುಕಡಿಮೆಗೆ ಮಾತ್ರ ಅವಕಾಶವಿದೆ. ಇದನ್ನು ಕೇಳಲು ನಮ್ಮವರು ಸಂಕೋಚಪಡುತ್ತಾರೆ. ಹಿಂದೆ ಸಾಲು ನಿಂತಿರುತ್ತದೆ, ಜಗಳವಾದೀತು ಎಂಬ ಅಳುಕು ಇರುತ್ತದೆ. ಸಾಲಿಲ್ಲದ ಹೊತ್ತು ನೋಡಿ, ಸೌಜನ್ಯದಿಂದಲೇ ಕೇಳಿ. ನಿರಾಕರಿಸಿದರೆ ಅಲ್ಲಿರುವ ದೂರು ಪುಸ್ತಕದಲ್ಲಿ ಬರೆಯಿರಿ, ಮಾಪನಶಾಸ್ತ್ರ ಇಲಾಖೆಗೆ ತಿಳಿಸಿ, ಅಥವಾ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಪ್ರಾಮಾಣಿಕವಾಗಿ ನಡೆಸುವ ಬಂಕ್‌ಗಳೂ ಬೇಕಾದಷ್ಟಿವೆ, ಮತ್ತು ಈ ಪರೀಕ್ಷೆಯಿಂದ ಅವುಗಳ ಮೇಲಿನ ನಂಬಿಕೆಯೂ ಗಟ್ಟಿಯಾಗುತ್ತದೆ.

ಪ್ರಶ್ನೆ: ನಮ್ಮೂರಿನ ಬಿಸಿಲಿಗೆ ಪೆಟ್ರೋಲ್ ಹಿಗ್ಗುವುದರಿಂದ ಬೆಳಗಿನ ಜಾವವೇ ಹಾಕಿಸಬೇಕು, ಮಧ್ಯಾಹ್ನ ಹಾಕಿಸಿದರೆ ಲೀಟರಿನಲ್ಲಿ ಕಡಿಮೆ ಬರುತ್ತದೆ ಎಂದು ತಂದೆಯವರು ಹೇಳುತ್ತಾರೆ. ಹೌದೇ? — ಓದುಗರು, ಬಳ್ಳಾರಿ

ಉತ್ತರ: ತಂದೆಯವರು ಹೇಳುವ ತತ್ತ್ವ ಸರಿಯಾಗಿದೆ, ಆದರೆ ಅದರ ಪರಿಣಾಮ ಅವರು ತಿಳಿದಷ್ಟು ದೊಡ್ಡದಲ್ಲ. ಉಷ್ಣತೆ 1 ಡಿಗ್ರಿ ಏರಿದರೆ ಪೆಟ್ರೋಲ್ ಸುಮಾರು ಶೇ 0.1ರಷ್ಟು ಹಿಗ್ಗುತ್ತದೆ. ಬಳ್ಳಾರಿಯ ಬಯಲಿನಲ್ಲಿ ಬೆಳಗ್ಗೆಗೂ ಮಧ್ಯಾಹ್ನಕ್ಕೂ ಗಾಳಿಯ ಉಷ್ಣತೆಯಲ್ಲಿ 15 ಡಿಗ್ರಿ ಅಂತರ ಬರಬಹುದಾದರೂ ಬಂಕ್‌ನ ಪೆಟ್ರೋಲ್ ಇರುವುದು ಬಯಲಿನಲ್ಲಿ ಅಲ್ಲ, ನೆಲದೊಳಗೆ ಹೂತ ಟ್ಯಾಂಕಿನಲ್ಲಿ. ಅಷ್ಟು ಆಳದ ಮಣ್ಣು ಒಂದೇ ದಿನದೊಳಗೆ ಅಷ್ಟಾಗಿ ಬಿಸಿಯೇರುವುದೂ ಇಲ್ಲ, ತಣಿಯುವುದೂ ಇಲ್ಲ. ಒಂದು ಡಿಗ್ರಿ ಅಂತರವಾಯಿತೆಂದೇ ಹಿಡಿದರೂ 30 ಲೀಟರಿಗೆ ಆಗುವ ವ್ಯತ್ಯಾಸ ಸುಮಾರು 30 ಮಿಲಿಲೀಟರ್. ಲೀಟರಿಗೆ 100 ರೂಪಾಯಿ ಎಂದರೆ ಮೂರು ರೂಪಾಯಿ. ಅದಕ್ಕಾಗಿ ನಿದ್ದೆ ಬಿಟ್ಟು ಹೋಗುವ ಅಗತ್ಯವಿಲ್ಲ. ಬೆಳಗಿನ ಹೊತ್ತು ಬಂಕ್‌ನಲ್ಲಿ ಜನ ಕಡಿಮೆ ಇರುತ್ತಾರೆ, ಪರದೆಯನ್ನು ನೆಮ್ಮದಿಯಾಗಿ ನೋಡಬಹುದು ಎಂಬುದೇ ಕಾರಣವಾಗಿದ್ದರೆ ಅದನ್ನು ನಾನು ಒಪ್ಪುತ್ತೇನೆ.

ಪ್ರಶ್ನೆ: ನಾಝಲ್ ತಾನಾಗಿ ಕಟ್ ಆದ ಮೇಲೂ ಕಾರನ್ನು ಸ್ವಲ್ಪ ಅಲುಗಾಡಿಸಿ, ಮೊತ್ತ ಸರಿಹೊಂದುವವರೆಗೆ ಇನ್ನಷ್ಟು ಹಾಕಿಸುವುದು ನಮ್ಮ ಮನೆಯಲ್ಲಿ ಎಲ್ಲರ ಅಭ್ಯಾಸ. ಆದರೆ ಬೇಸಿಗೆಯಲ್ಲಿ ಫುಲ್ ಟ್ಯಾಂಕ್ ಮಾಡಿಸಿದರೆ ಸ್ಫೋಟವಾಗುತ್ತದೆ ಎಂಬ ವಾಟ್ಸ್‌ಆ್ಯಪ್ ಸಂದೇಶವೂ ಬಂದಿದೆ. ಯಾವುದನ್ನು ನಂಬಬೇಕು? — ಓದುಗರು, ಮೈಸೂರು

ಉತ್ತರ: ಸಂದೇಶ ಸುಳ್ಳು, ನಿಮ್ಮ ಮನೆಯ ಅಭ್ಯಾಸವೂ ತಪ್ಪು. ತಯಾರಕರು ನಿಗದಿಪಡಿಸಿದ ಮಿತಿಯವರೆಗೆ ಯಾವ ಕಾಲದಲ್ಲಿಯೂ ಇಂಧನ ತುಂಬಿಸಬಹುದೆಂದು ಇಂಡಿಯನ್ ಆಯಿಲ್ ಸಂಸ್ಥೆಯೇ ಸ್ಪಷ್ಟೀಕರಣ ಕೊಟ್ಟಿದೆ. ಬಿಸಿಲಿಗೆ ಇಂಧನ ಹಿಗ್ಗುವುದನ್ನೂ ಆವಿಯಾಗುವುದನ್ನೂ ಲೆಕ್ಕಕ್ಕೆ ಹಿಡಿದೇ ಟ್ಯಾಂಕನ್ನು ವಿನ್ಯಾಸ ಮಾಡಿರುತ್ತಾರೆ. ಅದಕ್ಕೆಂದೇ ಮೇಲ್ಭಾಗದಲ್ಲಿ ಸ್ವಲ್ಪ ಜಾಗವನ್ನು ಖಾಲಿ ಬಿಟ್ಟಿರುತ್ತಾರೆ.

ನಾಝಲ್ ಕಟ್ ಆದ ಮೇಲೆ ನೀವು ತುಂಬಿಸುತ್ತಿರುವುದು ಆ ಖಾಲಿ ಜಾಗಕ್ಕೆ. ನಾಝಲಿನ ತುದಿಯಲ್ಲಿ ಒಂದು ಸಣ್ಣ ರಂಧ್ರವಿದೆ. ಇಂಧನ ಹರಿಯುತ್ತಿರುವಾಗ ಆ ರಂಧ್ರದ ಮೂಲಕ ಗಾಳಿ ಒಳಕ್ಕೆ ಎಳೆಯಲ್ಪಡುತ್ತಿರುತ್ತದೆ. ಟ್ಯಾಂಕಿನ ಮಟ್ಟ ಏರಿ ರಂಧ್ರ ಮುಚ್ಚಿದೊಡನೆ ಒಳಗಿನ ಒತ್ತಡ ಬದಲಾಗಿ ನಾಝಲ್ ತಟ್ಟನೆ ಮುಚ್ಚಿಕೊಳ್ಳುತ್ತದೆ. ಆ ಬಳಿಕವೂ ಒತ್ತಿ ಹಾಕಿಸಿದರೆ, ಪೆಟ್ರೋಲ್ ಆವಿಯನ್ನು ಹೀರಿಟ್ಟುಕೊಂಡು ಎಂಜಿನ್‌ಗೆ ಕಳುಹಿಸಲೆಂದು ಅಳವಡಿಸಿರುವ ಇದ್ದಿಲಿನ ಡಬ್ಬಿಗೆ, ಅಂದರೆ ಕ್ಯಾನಿಸ್ಟರ್‌ಗೆ, ದ್ರವ ರೂಪದ ಪೆಟ್ರೋಲೇ ನುಗ್ಗಬಹುದು. ಇದ್ದಿಲು ಇರುವುದು ಆವಿಯನ್ನು ಹಿಡಿಯಲು. ದ್ರವದಲ್ಲಿ ನೆನೆದರೆ ಅದು ಕೆಡುತ್ತದೆ. ಟ್ಯಾಂಕ್ ತುಂಬಿಸಿದ ಕೂಡಲೇ ಗಾಡಿ ಸ್ಟಾರ್ಟ್ ಆಗಲು ತಡವರಿಸುವುದು, ಒಳಗೆ ಪೆಟ್ರೋಲ್ ವಾಸನೆ ಬರುವುದು, ಎಂಜಿನ್ ದೀಪ ಹೊತ್ತಿಕೊಳ್ಳುವುದು ಇದರ ಲಕ್ಷಣಗಳು. ಕಟ್ ಆದಲ್ಲಿಗೆ ನಿಲ್ಲಿಸಲು ಹೇಳಿ, ಎಷ್ಟಾಯಿತೋ ಅಷ್ಟು ಕೊಡಿ. ಫೋನಿನಲ್ಲಿ ಪಾವತಿಸುವ ಈ ಕಾಲದಲ್ಲಿ ಚಿಲ್ಲರೆಯ ತೊಡಕೂ ಇಲ್ಲ.

ಪ್ರಶ್ನೆ: ನನ್ನ ಕಾರಿನ ಕೈಪಿಡಿಯಲ್ಲಿ ಟ್ಯಾಂಕ್ 35 ಲೀಟರ್ ಎಂದಿದೆ. ಮೊನ್ನೆ ಬಂಕ್‌ನವರು 37 ಲೀಟರ್ ಹಾಕಿದ್ದೇವೆ ಎಂದರು. ಇದು ಹಾಡಹಗಲ ಮೋಸವಲ್ಲವೇ? — ಓದುಗರು, ಉಡುಪಿ

ಉತ್ತರ: ಅದೊಂದರಿಂದಲೇ ಮೋಸವೆಂದು ತೀರ್ಮಾನಿಸಬೇಡಿ. ಕೈಪಿಡಿಯಲ್ಲಿರುವುದು ತಯಾರಕರು ಶಿಫಾರಸು ಮಾಡಿದ ಪ್ರಮಾಣ. ಆವಿಗೆಂದು ಬಿಟ್ಟ ಜಾಗ ಮತ್ತು ಇಂಧನ ಹೊಯ್ಯುವ ಕೊಳವೆ ಆ ಲೆಕ್ಕದಲ್ಲಿ ಸೇರಿರುವುದಿಲ್ಲ. ಬಾಯಿಮಟ್ಟ ತುಂಬಿಸಿದರೆ ಎರಡು ಲೀಟರ್ ಹೆಚ್ಚು ಹಿಡಿಯುವುದು ಅಸಾಧ್ಯವೇನಲ್ಲ, ಮತ್ತು ಹಾಗೆ ತುಂಬಿಸಬಾರದೆಂದು ಮೇಲಿನ ಉತ್ತರದಲ್ಲಿ ಹೇಳಿದ್ದೇನೆ. ಕಟ್ ಆದಲ್ಲಿಗೇ ನಿಲ್ಲಿಸಿದ ಮೇಲೂ ಅನುಮಾನ ಉಳಿದರೆ 5 ಲೀಟರ್ ಪರೀಕ್ಷೆಯನ್ನೇ ಕೇಳಿ.

ಪ್ರಶ್ನೆ: ಪೆಟ್ರೋಲ್‌ಗೆ ಕಲಬೆರಕೆ ಆಗಿದೆಯೇ ಎಂದು ಸಾಮಾನ್ಯರು ತಿಳಿಯುವ ದಾರಿ ಇದೆಯೇ? — ಓದುಗರು, ಚಿಕ್ಕಮಗಳೂರು

ಉತ್ತರ: ಪ್ರಾಥಮಿಕ ಪರೀಕ್ಷೆಗಳು ಎರಡಿವೆ, ಎರಡನ್ನೂ ಬಂಕ್‌ನಲ್ಲಿಯೇ ಮಾಡಿಸಬಹುದು. ಮೊದಲನೆಯದು ಫಿಲ್ಟರ್ ಕಾಗದದ ಪರೀಕ್ಷೆ: ನಾಝಲಿನ ಬಾಯಿಯನ್ನು ಒರೆಸಿ, ಕಾಗದದ ಮೇಲೆ ಒಂದು ಹನಿ ಬೀಳಿಸಿದರೆ ಶುದ್ಧ ಪೆಟ್ರೋಲ್ ಸುಮಾರು ಎರಡು ನಿಮಿಷದಲ್ಲಿ ಆರಿಹೋಗುತ್ತದೆ. ಪೆಟ್ರೋಲ್‌ಗೆ ಸೇರಿಸುವ ಬಣ್ಣದ ತೆಳು ಛಾಯೆ ಉಳಿಯಬಹುದು. ಜಿಡ್ಡಿನ ಗಾಢ ಕಲೆ ಉಳಿದರೆ ಸೀಮೆಎಣ್ಣೆಯಂತಹ ಭಾರದ ದ್ರವ ಬೆರೆತಿದೆಯೆಂದು ಶಂಕಿಸಬೇಕು. ಎರಡನೆಯದು ಸಾಂದ್ರತೆಯ ಪರೀಕ್ಷೆ. 15 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಿದಾಗ ಪೆಟ್ರೋಲಿನ ಸಾಂದ್ರತೆ ಘನ ಮೀಟರಿಗೆ 720ರಿಂದ 775 ಕಿಲೋಗ್ರಾಂ ನಡುವೆ ಇರಬೇಕು. ಬಂಕ್‌ನಲ್ಲಿ ದಾಖಲಾದ ಆ ದಿನದ ಸಾಂದ್ರತೆಗೂ ನಿಮ್ಮೆದುರು ಜಾಡಿಯಲ್ಲಿ ಹೈಡ್ರೋಮೀಟರ್ ಇಳಿಸಿ ಅಳೆದದ್ದಕ್ಕೂ ಘನ ಮೀಟರಿಗೆ 3 ಕಿಲೋಗ್ರಾಂಗಿಂತ ಹೆಚ್ಚು ಅಂತರವಿದ್ದರೆ ಪ್ರಶ್ನಿಸಲು ಆಧಾರ ಸಿಕ್ಕಂತೆ. ಸಾಂದ್ರತೆ ಮಿತಿಯೊಳಗಿದ್ದ ಮಾತ್ರಕ್ಕೆ ಶುದ್ಧತೆ ಖಚಿತವಾಗುವುದಿಲ್ಲ. ಅದಕ್ಕೆ ಪ್ರಯೋಗಾಲಯವೇ ಬೇಕು. ಆದರೆ ಗ್ರಾಹಕರು ಆಗಾಗ ಕೇಳುತ್ತಿರುತ್ತಾರೆ ಎಂಬ ಎಚ್ಚರ ಬಂಕ್‌ನವರಲ್ಲಿ ಇರುವುದೇ ದೊಡ್ಡ ತಡೆ.

ಪ್ರಶ್ನೆ: ನನ್ನದು 2014ರ ಸ್ಕೂಟರ್. ಎಥೆನಾಲ್ ಬೆರೆಸಿದ ಪೆಟ್ರೋಲ್ ಬಂದಾಗಿನಿಂದ ಮೈಲೇಜ್ ಇಳಿದಿದೆ ಎನಿಸುತ್ತದೆ. ಬಂಕ್ ಬದಲಾಯಿಸುತ್ತಲೇ ಇದ್ದೇನೆ, ಪ್ರಯೋಜನವಾಗಿಲ್ಲ. — ಓದುಗರು, ಮಂಡ್ಯ

ಉತ್ತರ: ಬಂಕ್ ಬದಲಾಯಿಸುವುದರಿಂದ ಇದು ಸರಿಹೋಗದು, ಏಕೆಂದರೆ ಕಾರಣ ಇಂಧನದ ಗುಣದಲ್ಲಿಯೇ ಇದೆ. ಶೇ 20ರಷ್ಟು ಎಥೆನಾಲ್ ಇರುವ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಚಾಲನೆ ದೊರೆಯಿತು. ಎಥೆನಾಲಿನಲ್ಲಿರುವ ಶಕ್ತಿ ಅಷ್ಟೇ ಗಾತ್ರದ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಐದರಲ್ಲಿ ಒಂದು ಭಾಗ ಎಥೆನಾಲ್ ಆದರೆ ಒಟ್ಟು ಶಕ್ತಿ ಶೇ 6ರಿಂದ 7ರಷ್ಟು ತಗ್ಗುತ್ತದೆ. ನೀತಿ ಆಯೋಗದ 2021ರ ವರದಿಯೂ, ಎಥೆನಾಲ್ ಇಲ್ಲದ ಪೆಟ್ರೋಲಿಗೆಂದು ವಿನ್ಯಾಸಗೊಂಡು ಶೇ 10ರ ಮಿಶ್ರಣಕ್ಕೆ ಹೊಂದಿಸಲಾದ ನಾಲ್ಕು ಚಕ್ರದ ವಾಹನಗಳಲ್ಲಿ ಶೇ 6ರಿಂದ 7, ದ್ವಿಚಕ್ರ ವಾಹನಗಳಲ್ಲಿ ಶೇ 3ರಿಂದ 4ರಷ್ಟು ಮೈಲೇಜ್ ಇಳಿಯಬಹುದೆಂದು ಅಂದಾಜಿಸಿತ್ತು. ಇಳಿಕೆ ಅದಕ್ಕಿಂತ ಬಹಳ ಹೆಚ್ಚಿದ್ದರೆ ಕಾರಣವನ್ನು ಟೈರಿನ ಗಾಳಿಯಲ್ಲಿ, ಏರ್ ಫಿಲ್ಟರ್‌ನಲ್ಲಿ, ಬ್ರೇಕ್ ಹಿಡಿದುಕೊಳ್ಳುವುದರಲ್ಲಿ ಹುಡುಕಬೇಕು.

ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ ಎಂಬುದು ಹಳೆಯ ಗಾಡಿಯವರು ನೆನಪಿಡಬೇಕಾದ ಮಾತು. ನೀರಿನ ಅಂಶ ಮಿತಿ ಮೀರಿದರೆ ನೀರೂ ಎಥೆನಾಲೂ ಒಂದಾಗಿ ಟ್ಯಾಂಕಿನ ತಳಕ್ಕೆ ಇಳಿದು ಬೇರೆ ಪದರವಾಗುತ್ತವೆ, ಮತ್ತು ಎಂಜಿನ್‌ಗೆ ಹೋಗುವ ಇಂಧನವನ್ನು ಟ್ಯಾಂಕಿನ ತಳದಿಂದಲೇ ತೆಗೆದುಕೊಳ್ಳಲಾಗುತ್ತದೆ. ತಿಂಗಳುಗಟ್ಟಲೆ ಓಡಿಸದೆ ನಿಲ್ಲಿಸುವ ಅಭ್ಯಾಸವಿದ್ದರೆ ಬಿಡಿ, ಮುಚ್ಚಳದ ರಬ್ಬರ್ ಬಿರುಕು ಬಿಟ್ಟಿದ್ದರೆ ಬದಲಿಸಿ, ಪೆಟ್ರೋಲ್ ಪೈಪುಗಳನ್ನು ಸರ್ವಿಸ್ ವೇಳೆ ತೋರಿಸಿ. ನಿಮ್ಮ ಜಿಲ್ಲೆಯ ಕಬ್ಬಿಗೂ ಈ ಎಥೆನಾಲಿಗೂ ಸಂಬಂಧವಿದೆ. ರೈತರಿಗೆ ಅದರಿಂದ ಆಗುವ ಅನುಕೂಲವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಹಳೆಯ ವಾಹನಗಳ ಮಾಲೀಕರಿಗೆ ಕಡಿಮೆ ಎಥೆನಾಲಿನ ಪೆಟ್ರೋಲನ್ನು ಸಾಮಾನ್ಯ ದರದಲ್ಲಿ ಆಯ್ದುಕೊಳ್ಳುವ ಅವಕಾಶ ಇರಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಮೀಟರ್ ರಿಸರ್ವ್‌ಗೆ ಬಂದ ಮೇಲೆಯೇ 200 ರೂಪಾಯಿಗೆ ಹಾಕಿಸಿ ಓಡಿಸುತ್ತೇನೆ. ಆಗುಂಬೆ ಘಾಟಿಯಲ್ಲಿ ಒಮ್ಮೊಮ್ಮೆ ಕಾರು ಜಗ್ಗಿದಂತಾಗುತ್ತದೆ. ಸಂಬಂಧವಿದೆಯೇ? — ಓದುಗರು, ತೀರ್ಥಹಳ್ಳಿ

ಉತ್ತರ: ಇರುವ ಸಾಧ್ಯತೆ ಹೆಚ್ಚು. ಕಡಿದಾದ ತಿರುವುಗಳಲ್ಲಿ ಟ್ಯಾಂಕಿನ ತಳದಲ್ಲಿರುವ ಅಲ್ಪ ಇಂಧನ ಒಂದು ಬದಿಗೆ ಸರಿದು, ಪಂಪ್ ಕ್ಷಣಕಾಲ ಗಾಳಿಯನ್ನು ಎಳೆದುಕೊಳ್ಳುತ್ತದೆ. ಈಗಿನ ಪೆಟ್ರೋಲ್ ಕಾರುಗಳಲ್ಲಿ ವಿದ್ಯುತ್ ಪಂಪ್ ಟ್ಯಾಂಕಿನ ಒಳಗೇ ಇರುತ್ತದೆ, ಅದನ್ನು ತಣ್ಣಗಿಡುವುದೂ ಸುತ್ತಲಿನ ಪೆಟ್ರೋಲೇ. ಸದಾ ರಿಸರ್ವ್‌ನಲ್ಲಿ ಓಡಿಸಿದರೆ ಪಂಪ್ ಬಿಸಿಯೇರಿ ಬೇಗ ಸವೆಯುತ್ತದೆ. ಡೀಸೆಲ್ ಗಾಡಿಯಾದರೆ ಪೂರ್ತಿ ಬರಿದಾದಾಗ ಕೊಳವೆಗಳಲ್ಲಿ ಗಾಳಿ ಸೇರಿಕೊಳ್ಳುತ್ತದೆ, ಡೀಸೆಲ್ ಹಾಕಿದ ಮೇಲೂ ಆ ಗಾಳಿ ತೆಗೆಯುವವರೆಗೆ ಗಾಡಿ ಏಳುವುದಿಲ್ಲ. ಕಾಲು ಟ್ಯಾಂಕ್ ಉಳಿದಾಗಲೇ ಹಾಕಿಸಿ. ವರ್ಷಕ್ಕಾಗುವ ಖರ್ಚು ಅಷ್ಟೇ, ಮತ್ತು ಮಳೆಗಾಲದ ರಾತ್ರಿ ಘಾಟಿಯಲ್ಲಿ ನಿಂತುಬಿಡುವ ಅಪಾಯ ತಪ್ಪುತ್ತದೆ.

ಪ್ರಶ್ನೆ: ಕೇರಳಕ್ಕಿಂತ ಕರ್ನಾಟಕದಲ್ಲಿ ಬೆಲೆ ಕಡಿಮೆಯೆಂದು ನಮ್ಮ ಕಡೆಯ ಹಲವರು ಪೆಟ್ರೋಲ್ ಹಾಕಿಸಲೆಂದೇ ತಲಪಾಡಿ ಗಡಿ ದಾಟುತ್ತಾರೆ. ಇದು ಲಾಭವೇ? — ಓದುಗರು, ಉಪ್ಪಳ

ಉತ್ತರ: ಮಂಗಳೂರಿಗೆ ಹೇಗೂ ಹೋಗುವವರಿಗೆ ಲಾಭ, ಅದಕ್ಕೆಂದೇ ಹೋಗುವವರು ಲೆಕ್ಕ ಹಾಕಬೇಕು. ಲೀಟರಿಗೆ 5 ರೂಪಾಯಿ ಅಂತರವೆಂದು ಹಿಡಿದರೆ 30 ಲೀಟರಿಗೆ ಉಳಿಯುವುದು 150 ರೂಪಾಯಿ. ಹೋಗಿ ಬರಲು 30 ಕಿಲೋಮೀಟರ್ ಆಗಿ, ಕಾರು ಲೀಟರಿಗೆ 15 ಕಿಲೋಮೀಟರ್ ಕೊಟ್ಟರೆ, ಎರಡು ಲೀಟರ್ ಅದಕ್ಕೇ ಉರಿಯುತ್ತದೆ. ಉಳಿತಾಯಕ್ಕಿಂತ ಖರ್ಚೇ ಹೆಚ್ಚು. ಪೆಟ್ರೋಲ್ ಮತ್ತು ಡೀಸೆಲ್ ಜಿಎಸ್‌ಟಿ ವ್ಯಾಪ್ತಿಯ ಹೊರಗಿರುವುದರಿಂದ ಪ್ರತಿ ರಾಜ್ಯದ ತೆರಿಗೆ ಬೇರೆ ಬೇರೆ, ಮತ್ತು ಈ ಅಂತರವೂ ಸ್ಥಿರವಲ್ಲ. 2024ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿದಾಗ ಲೀಟರಿಗೆ ಸುಮಾರು 3 ರೂಪಾಯಿ ಹೆಚ್ಚಾಗಿತ್ತು. ಹೊರಡುವ ಮುನ್ನ ಆ ದಿನದ ಎರಡೂ ಕಡೆಯ ದರ ನೋಡಿಕೊಳ್ಳಿ. ದರ ಪರಿಷ್ಕರಣೆ ಜಾರಿಗೆ ಬರುವುದು ಬೆಳಗ್ಗೆ 6 ಗಂಟೆಗೆ.

ಪ್ರಶ್ನೆ: ಬಂಕ್‌ನವರು ನನ್ನ ಡೀಸೆಲ್ ಕಾರಿಗೆ ಪೆಟ್ರೋಲ್ ಹಾಕಿಬಿಟ್ಟರೆ ಏನು ಮಾಡಬೇಕು? — ಓದುಗರು, ಹುಬ್ಬಳ್ಳಿ

ಉತ್ತರ: ಕೀಲಿಯನ್ನು ತಿರುಗಿಸಲೇಬೇಡಿ. ಎಷ್ಟೋ ಕಾರುಗಳಲ್ಲಿ ಎಂಜಿನ್ ಹೊತ್ತದಿದ್ದರೂ ಕೀಲಿ ಆನ್ ಆದೊಡನೆ ಪಂಪ್ ಚಾಲೂ ಆಗುತ್ತದೆ. ಅಧಿಕ ಒತ್ತಡದ ಡೀಸೆಲ್ ಪಂಪ್‌ಗೆ ಡೀಸೆಲೇ ಜಾರೆಣ್ಣೆ. ಪೆಟ್ರೋಲಿಗೆ ಆ ಜಿಡ್ಡಿಲ್ಲದ ಕಾರಣ ಲೋಹಕ್ಕೆ ಲೋಹ ಉಜ್ಜಿ ಪಂಪ್ ಮತ್ತು ಇಂಜೆಕ್ಟರ್‌ಗಳು ಹಾಳಾಗುತ್ತವೆ. ಕಾರನ್ನು ತಳ್ಳಿ ಬದಿಗೆ ನಿಲ್ಲಿಸಿ, ಬಂಕ್ ವ್ಯವಸ್ಥಾಪಕರಿಂದ ಆದದ್ದನ್ನು ಬರವಣಿಗೆಯಲ್ಲಿ ಪಡೆದು, ಸರ್ವಿಸ್ ಕೇಂದ್ರದವರಿಂದ ಟ್ಯಾಂಕ್ ಖಾಲಿ ಮಾಡಿಸಿ. ಪೆಟ್ರೋಲ್ ನಾಝಲ್ ಸಣ್ಣದಾದ್ದರಿಂದ ಡೀಸೆಲ್ ಟ್ಯಾಂಕಿನ ಬಾಯಿಗೆ ಸಲೀಸಾಗಿ ಇಳಿಯುತ್ತದೆ. ಮುಚ್ಚಳ ತೆರೆಯುವ ಮೊದಲೇ "ಡೀಸೆಲ್" ಎಂದು ಗಟ್ಟಿಯಾಗಿ ಹೇಳಿ, ನಾಝಲ್ ನೋಡಿ.

ಪ್ರಶ್ನೆ: ಕಳೆ ಕತ್ತರಿಸುವ ಯಂತ್ರಕ್ಕೆ ಪೆಟ್ರೋಲನ್ನು ಪ್ಲಾಸ್ಟಿಕ್ ಕ್ಯಾನ್‌ನಲ್ಲಿ ತರುತ್ತೇವೆ. ಕ್ಯಾನನ್ನು ಬೈಕಿನ ಮೇಲೆಯೇ ಇಟ್ಟು ತುಂಬಿಸುತ್ತಾರೆ. ಅಪಾಯವೇ? — ರೈತ ಓದುಗರು, ಸಕಲೇಶಪುರ

ಉತ್ತರ: ಹೌದು, ಮತ್ತು ಈ ಸಂಚಿಕೆಯ ಪ್ರಶ್ನೆಗಳಲ್ಲೆಲ್ಲ ನನಗೆ ಹೆಚ್ಚು ಆತಂಕ ತಂದದ್ದು ನಿಮ್ಮದೇ. ಪೆಟ್ರೋಲ್ ಸೊನ್ನೆಗಿಂತ ಬಹಳ ಕೆಳಗಿನ ಉಷ್ಣತೆಯಲ್ಲಿಯೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ, ಆ ಆವಿ ಗಾಳಿಗಿಂತ ಭಾರವಾದ್ದರಿಂದ ಚದುರದೆ ನೆಲದ ಮಟ್ಟದಲ್ಲಿ ಹರಡಿಕೊಳ್ಳುತ್ತದೆ. ಪ್ಲಾಸ್ಟಿಕ್‌ನೊಳಗೆ ಪೆಟ್ರೋಲ್ ಹರಿಯುವಾಗ ಹುಟ್ಟುವ ಸ್ಥಿರ ವಿದ್ಯುತ್ತು ಭೂಮಿಗೆ ಇಳಿಯಲು ದಾರಿಯಿರುವುದಿಲ್ಲ. ಒಂದು ಕಿಡಿ ಸಾಕು. ಬೈಕಿನ ಮೇಲಿಟ್ಟು ತುಂಬಿಸುವಾಗ ಪಕ್ಕದಲ್ಲಿ ಕಾದ ಸೈಲೆನ್ಸರ್ ಕೂಡ ಇರುತ್ತದೆ. ಗಟ್ಟಿ ಮುಚ್ಚಳದ ಲೋಹದ ಕ್ಯಾನ್ ಬಳಸಿ, ಅದನ್ನು ನೆಲದ ಮೇಲಿಟ್ಟು, ನಾಝಲ್ ಕ್ಯಾನಿನ ಬಾಯಿಗೆ ತಾಗಿಕೊಂಡಿರುವಂತೆ ನಿಧಾನವಾಗಿ ತುಂಬಿಸಿ, ಮೇಲೆ ಸ್ವಲ್ಪ ಜಾಗ ಬಿಡಿ. ನೀರಿನ ಬಾಟಲಿಗೆ ಹಾಕುವುದಿಲ್ಲವೆಂದು ಬಂಕ್‌ನವರು ಹೇಳಿದರೆ ವಾದಿಸಬೇಡಿ, ಅವರು ಮಾಡುತ್ತಿರುವುದು ಸರಿ. ಬೈಕಿಗೆ ಹಾಕಿಸುವಾಗಲೂ ಎಂಜಿನ್ ನಿಲ್ಲಿಸಿ, ನೀವೂ ಹಿಂದೆ ಕುಳಿತವರೂ ಕೆಳಗಿಳಿದೇ ಹಾಕಿಸಿ. ಟ್ಯಾಂಕ್ ಕಾಲುಗಳ ನಡುವೆಯೇ ಇರುವಾಗ ಪೆಟ್ರೋಲ್ ಚೆಲ್ಲಿ ಹೊತ್ತಿಕೊಂಡರೆ ಜಿಗಿದು ಪಾರಾಗಲು ಸಮಯ ಸಿಗುವುದಿಲ್ಲ. ಮನೆಗೆ ತಂದ ಕ್ಯಾನನ್ನು ಅಡುಗೆಮನೆಯಿಂದಲೂ ಬಚ್ಚಲ ಒಲೆಯಿಂದಲೂ ದೂರ, ಗಾಳಿಯಾಡುವ ಕೊಟ್ಟಿಗೆಯಲ್ಲಿ, ಮಕ್ಕಳ ಕೈಗೆ ಎಟುಕದಂತೆ ಇಡಿ, ಮತ್ತು ಆ ವಾರಕ್ಕೆ ಬೇಕಾದಷ್ಟನ್ನು ಮಾತ್ರ ತನ್ನಿ.